ಬಿಸಿಲು ನೋಡಲು ಅಷ್ಟು ದೂರ ಹೋಗಬೇಕೆ?

ದುಬೈಯಲ್ಲಿರುವ ನನ್ನ ಭಾವ ಕಳೆದ ಓಣಂ ರಜೆಯಲ್ಲಿ ಊರಿಗೆ ಬಂದಾಗ ಬಣ್ಣಬಣ್ಣದ ಒಂದು ಪುಸ್ತಿಕೆಯನ್ನು ಚಾವಡಿಯ ಮೇಜಿನ ಮೇಲೆ ಇಟ್ಟರು. "ಬರುವ ವರ್ಷ ನಾವೆಲ್ಲ ಒಟ್ಟಿಗೆ ಹೋಗುವ. ನೀಸ್, ಕಾನ್, ಮೊನಾಕೊ. ಎಂಟು ದಿನ, ನಾಲ್ಕು ದೇಶ. ಮೆಡಿಟರೇನಿಯನ್ ಬಿಸಿಲು ಅಂದರೆ ಏನು ಅಂತ ನೀವೊಮ್ಮೆ ನೋಡಬೇಕು" ಎಂದರು. ನನ್ನ ಹೆಂಡತಿ ಅಂಗಳದಲ್ಲಿ ಅಡಿಕೆ ಹರವುತ್ತಿದ್ದಳು. ಅಲ್ಲಿಂದಲೇ, "ಬಿಸಿಲು ನೋಡಲು ಅಷ್ಟು ದೂರ ಹೋಗಬೇಕಾ ಅಣ್ಣ? ಇಲ್ಲಿ ಬೇಕಾದಷ್ಟು ಉಂಟಲ್ಲ" ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಈ ಲೇಖನ ಅದಕ್ಕೆ ನನ್ನ ಉತ್ತರ. ಹೋಗಬೇಕು ಎಂಬವನೇ ನಾನು, ಆದರೆ ಭಾವ ಹೇಳಿದ ಹಾಗಲ್ಲ.

ನಾನೊಬ್ಬ ಬ್ಯಾಂಕು ಗುಮಾಸ್ತ. ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು. ಎಂಟು ದಿನ, ನಾಲ್ಕು ದೇಶ ಎಂಬುದನ್ನು ನಾನು ಹೀಗೆ ಬಿಡಿಸಿದೆ: ಬರಲು, ಹೋಗಲು ಎರಡು ದಿನ ಕಳೆಯಿರಿ. ಉಳಿದ ಆರು ದಿನಗಳಲ್ಲಿ ನಿದ್ರೆ, ಬಸ್ಸು, ಬೆಳಗಿನ ತಿಂಡಿಯ ಸಾಲು, ಪೆಟ್ಟಿಗೆ ಕಟ್ಟುವುದು, ಬಿಚ್ಚುವುದು ಇವನ್ನು ಕಳೆಯಿರಿ. ಒಂದು ದೇಶದ ಪಾಲಿಗೆ ಉಳಿಯುವುದು ಆರೇಳು ಗಂಟೆ. ಅದರಲ್ಲಿಯೂ ಅರ್ಧ ಫೋಟೋಕ್ಕೆ. ಕಾಸರಗೋಡಿಗೆ ಬಂದವರು ಬೇಕಲ ಕೋಟೆಯ ಮೇಲೆ ಹತ್ತು ನಿಮಿಷ ನಿಂತು, ಒಂದು ಬೊಂಡ ಕುಡಿದು, "ಕೇರಳ ನೋಡಿದೆವು" ಎಂದು ಹೋಗುವುದನ್ನು ಕಂಡಾಗ ನಮಗೆ ಹೇಗಾಗುತ್ತದೆ? ಆ ಕೋಟೆ ಕಟ್ಟಿಸಿದವರು ಕೆಳದಿಯ ನಾಯಕರು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಇಲ್ಲಿ ಕನ್ನಡ ಮಾತಾಡುವವರಿದ್ದಾರೆ, ತುಳುವಿನವರಿದ್ದಾರೆ ಎಂಬುದು ಅವರ ಕಿವಿಗೆ ಬಿದ್ದಿರುವುದಿಲ್ಲ. ನಮ್ಮನ್ನು ಯಾರಾದರೂ ಹಾಗೆ ನೋಡಿದರೆ ಸಿಟ್ಟು ಮಾಡುವ ನಾವು, ಇನ್ನೊಬ್ಬರ ಕರಾವಳಿಗೆ ಹೋಗುವಾಗ ಅದೇ ಕಣ್ಣನ್ನು ಕೊಂಡುಹೋಗುವುದು ಯಾವ ನ್ಯಾಯ?

ಆದುದರಿಂದ ನಾನೇ ಒಂದು ಯೋಜನೆ ಮಾಡಿದೆ. ಬ್ಯಾಂಕಿನ ಹಳೆಯ ಚಲನ್ನಿನ ಹಿಂಬದಿಯಲ್ಲಿ ನಕ್ಷೆ ಬರೆದೆ. ದೇಶ ಎರಡೇ: ಫ್ರಾನ್ಸ್ ಮತ್ತು ಸ್ಪೇನ್. ಭಾಷೆಯ ಲೆಕ್ಕದಲ್ಲಿ ನೋಡಿದರೆ ದೇಶ ಒಂದೇ. ದಾರಿ ಕರಾವಳಿಯಲ್ಲಿ ಸುಮಾರು 100 ಕಿಲೋಮೀಟರು, ನಮ್ಮಲ್ಲಿ ತಲಪಾಡಿಯಿಂದ ಪಯ್ಯನ್ನೂರು ದಾಟುವಷ್ಟು. ಫ್ರಾನ್ಸಿನ ಪೆರ್ಪಿನ್ಯಾಂ ಪಟ್ಟಣದಿಂದ ಹೊರಟು ಎಲ್ನ್, ಆರ್ಜಲೆಸ್, ಕೊಲಿಯೂರ್, ಬಾನ್ಯುಲ್ಸ್, ಸೆರ್ಬೇರ್. ಗಡಿ ದಾಟಿದರೆ ಸ್ಪೇನಿನ ಪೋರ್ಟ್‌ಬೋ, ಯಾನ್ಸಾ, ಕಾದಕೆಸ್. ಪಿರಿನೀಸ್ ಬೆಟ್ಟಸಾಲು ಸಮುದ್ರಕ್ಕೆ ಇಳಿಯುವ ಜಾಗ ಅದು. ಬಾಡಿಗೆ ಕಾರು, ನಾಲ್ಕು ರಾತ್ರಿ.

ಇಷ್ಟು ದೊಡ್ಡ ಮೆಡಿಟರೇನಿಯನ್ನಿನಲ್ಲಿ ಈ ತುಂಡನ್ನೇ ಯಾಕೆ ಆರಿಸಿದಿರಿ ಎಂದು ಭಾವ ಕೇಳಿದರು. ಕಾರಣ ನನ್ನ ಮಗನ ಅಂಗಿ. ಕಾಸರಗೋಡಿನ ಹುಡುಗರಿಗೆ ಫುಟ್ಬಾಲು ಹುಚ್ಚು ಎಂದು ನಾನು ಹೇಳಬೇಕಾಗಿಲ್ಲ. ಅವನು ಬಾರ್ಸಿಲೋನಾ ತಂಡದ ಅಂಗಿ ಹಾಕಿಕೊಂಡು ತಿರುಗುತ್ತಾನೆ. ಆ ತಂಡದ ಲಾಂಛನದಲ್ಲಿ ಹಳದಿ, ಕೆಂಪು ಪಟ್ಟೆಗಳಿವೆ. ಅದೇನೆಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹುಡುಕಿದಾಗ ಅದು ಕತಲಾನ್ ಜನರ ಬಾವುಟದ ಬಣ್ಣ ಎಂದು ತಿಳಿಯಿತು. ಫ್ರಾಂಕೋನ ಸರ್ವಾಧಿಕಾರದಲ್ಲಿ, 1939ರಿಂದ 1975ರ ತನಕ, ಆ ಜನರ ಭಾಷೆಗೆ ಶಾಲೆಯಲ್ಲಿ, ಕಚೇರಿಯಲ್ಲಿ ಸ್ಥಾನವಿರಲಿಲ್ಲ. ಆ ಕಾಲದಲ್ಲಿ ಧೈರ್ಯವಾಗಿ ಕತಲಾನ್ ಮಾತಾಡಬಹುದಾಗಿದ್ದ ಕೆಲವೇ ಜಾಗಗಳಲ್ಲಿ ಬಾರ್ಸಿಲೋನಾದ ಫುಟ್ಬಾಲು ಮೈದಾನವೂ ಒಂದು. ಅಂಗಿ ಹಾಕಿದ ಮೇಲೆ ಅದರ ಕತೆ ತಿಳಿಯುವುದು ಬೇಡವೇ?

ಕತೆ ಅಲ್ಲಿಗೇ ನಿಲ್ಲಲಿಲ್ಲ. ಕತಲಾನ್ ಜನ ಸ್ಪೇನಿನಲ್ಲಿ ಮಾತ್ರ ಇರುವವರಲ್ಲ. 1659ರ ನವೆಂಬರ್ 7ರಂದು ಫ್ರಾನ್ಸ್ ಮತ್ತು ಸ್ಪೇನಿನ ರಾಜರು ಪಿರಿನೀಸ್ ಒಪ್ಪಂದ ಮಾಡಿಕೊಂಡರು. ಬೆಟ್ಟದ ಉತ್ತರಕ್ಕಿದ್ದ ರುಸಿಯೋಂ ಸೀಮೆ ಫ್ರಾನ್ಸಿಗೆ ಹೋಯಿತು. ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ. ಗುಮಾಸ್ತನಾದ ನನಗೆ ಆ ಒಪ್ಪಂದದಲ್ಲಿ ರುಚಿಸಿದ್ದು ಒಂದು ಶಬ್ದದ ಸಂಗತಿ. ಬೆಟ್ಟದ ಒಂದು ಕಣಿವೆಯ ಹಳ್ಳಿಗಳನ್ನು ಫ್ರಾನ್ಸಿಗೆ ಕೊಡುವುದೆಂದು ತೀರ್ಮಾನವಾಯಿತು. ಆದರೆ ಯೀವಿಯಾ ಎಂಬ ಊರಿಗೆ ಹಿಂದೆಯೇ ಪಟ್ಟಣದ ಹಕ್ಕು ಸಿಕ್ಕಿತ್ತು. ಅದು ಹಳ್ಳಿಯಲ್ಲ, ಆದುದರಿಂದ ಕೊಡುವಂತಿಲ್ಲ ಎಂದರು. ಇಂದಿಗೂ ಆ ಊರು ಸುತ್ತ ಫ್ರಾನ್ಸಿನ ನೆಲವಿದ್ದು ಸ್ಪೇನಿಗೆ ಸೇರಿಕೊಂಡಿದೆ. ಕಾಗದದಲ್ಲಿ ಒಂದು ಶಬ್ದ ಹೆಚ್ಚು ಕಡಿಮೆಯಾದರೆ ಜನರ ಹಣೆಬರಹ ಏನಾಗುತ್ತದೆ ಎಂಬುದು 1956ರ ನವೆಂಬರ್ 1ರ ನಂತರ ಹುಟ್ಟಿದ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಚಂದ್ರಗಿರಿ ಹೊಳೆ ಎಂಬ ಎರಡು ಶಬ್ದವನ್ನು ಮಹಾಜನ ವರದಿಯ ಕಾಲದಿಂದ ನಾವು ಜಪಿಸುತ್ತ ಬಂದವರು.

ಇಷ್ಟು ಹೇಳಿದಾಗ ಹೆಂಡತಿ ಎತ್ತಿದ ಆಕ್ಷೇಪ ಭಾವನದಕ್ಕಿಂತ ಗಟ್ಟಿಯಾದದ್ದು. "ಸಾಲ ಮಾಡಿ ಸಂತೋಷಕ್ಕೆ ಹೋಗುವುದು. ಅಲ್ಲಿಯೂ ನಿಮಗೆ ಗಡಿಯ ಗೋಳೇ ಬೇಕಾ? ಸಮುದ್ರ, ಬಿಸಿಲು ಏನೂ ಇಲ್ಲವಾ?" ಇದೆ, ಧಾರಾಳ ಇದೆ. ಪೆರ್ಪಿನ್ಯಾಂನಲ್ಲಿ ವರ್ಷಕ್ಕೆ ಸುಮಾರು 2500 ಗಂಟೆ ಬಿಸಿಲು. ಬಾನ್ಯುಲ್ಸಿನ ಗುಡ್ಡಗಳಲ್ಲಿ ಕಪ್ಪುಗಲ್ಲಿನ ಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ಬೆಳೆಯುತ್ತಾರೆ. ಬಳ್ಳಿಯ ಸಾಲು ಸಮುದ್ರದ ತಲೆಯ ಮೇಲೇ ನಿಂತ ಹಾಗೆ ಕಾಣುತ್ತದೆ. ನಮ್ಮ ಗುಡ್ಡೆಗಳಲ್ಲಿ ಕಟ್ಟ ಕಟ್ಟಿ ತೋಟ ಮಾಡಿದವರಿಗೆ ಆ ಗೋಡೆಯ ಬೆಲೆ ತಿಳಿಯುತ್ತದೆ. ಕೊಲಿಯೂರಿನಲ್ಲಿ 1905ರ ಬೇಸಗೆಯಲ್ಲಿ ಮಾತೀಸ್ ಮತ್ತು ದೆರೇನ್ ಎಂಬ ಚಿತ್ರಕಾರರು ಕುಳಿತು ಆ ಬೆಳಕನ್ನು ಕಂಡು ಬಣ್ಣದ ಪದ್ಧತಿಯನ್ನೇ ಬದಲಿಸಿದರು. ಅದೇ ಊರಿನ ಇನ್ನೊಂದು ಹೆಸರುವಾಸಿ ವಸ್ತು ಉಪ್ಪಿನಲ್ಲಿ ಹಾಕಿದ ಸಣ್ಣ ಮೀನು, ನಮ್ಮ ಬೊಲೆಂಜಿರಿನ ಜಾತಿಯದು, ಮಲಯಾಳದವರ ನೆತ್ತೋಲಿ. ಇದನ್ನು ಹೇಳಿದ ಮೇಲೆ ಹೆಂಡತಿಯ ಮುಖ ಸ್ವಲ್ಪ ಸಡಿಲವಾಯಿತು.

ಆದರೆ ಅದೇ ಕೊಲಿಯೂರಿನ ಸ್ಮಶಾನದಲ್ಲಿ ಆಂತೋನಿಯೋ ಮಚಾದೋ ಎಂಬ ಸ್ಪೇನಿನ ದೊಡ್ಡ ಕವಿಯ ಗೋರಿಯಿದೆ. ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದ ಮಾಸ್ತರರು ಅವರು. ಅಂತರ್ಯುದ್ಧದಲ್ಲಿ ಗಣರಾಜ್ಯ ಸೋತಾಗ ಮುದಿ ತಾಯಿಯೊಡನೆ ಗಡಿ ದಾಟಿ ಬಂದು, 1939ರ ಫೆಬ್ರವರಿ 22ರಂದು ತೀರಿಕೊಂಡರು. ಮೂರು ದಿನಕ್ಕೆ ತಾಯಿಯೂ ಹೋದರು. ಆ ಚಳಿಗಾಲದ ಕೆಲವೇ ವಾರಗಳಲ್ಲಿ ಸುಮಾರು ಐದು ಲಕ್ಷ ಜನ ಆ ಬೆಟ್ಟ ದಾಟಿದರು. ಅವರಲ್ಲಿ ಅನೇಕರನ್ನು ಆರ್ಜಲೆಸಿನ ಮರಳಿನ ಮೇಲೆ ಮುಳ್ಳುತಂತಿಯೊಳಗೆ ಇಟ್ಟರು. ಇಂದು ಬೇಸಗೆಯಲ್ಲಿ ಕೊಡೆ ನೆಟ್ಟು ಜನ ಮಲಗುವ ಮರಳು ಅದೇ. ಹತ್ತಿರದ ಎಲ್ನ್ ಊರಿನಲ್ಲಿ ಎಲಿಸಬೆತ್ ಐಡನ್‌ಬೆನ್ಸ್ ಎಂಬ ಸ್ವಿಸ್ ಹೆಣ್ಣುಮಗಳು ನಿರಾಶ್ರಿತ ಬಸುರಿಯರಿಗಾಗಿ ಹೆರಿಗೆಮನೆ ನಡೆಸಿದಳು. 1939ರಿಂದ 1944ರ ತನಕ ಅಲ್ಲಿ 597 ಮಕ್ಕಳು ಹುಟ್ಟಿದರು. ಮಚಾದೋ ಗೋರಿಯ ಪಕ್ಕ ಒಂದು ಅಂಚೆಪೆಟ್ಟಿಗೆಯಿದೆ. ಓದುಗರು ಈಗಲೂ ಅವರಿಗೆ ಪತ್ರ ಹಾಕುತ್ತಾರೆ. ಬಣ್ಣದ ಪುಸ್ತಿಕೆಗಳಿಗೆ ಬಿಸಿಲು ಸಾಕು. ಆದರೆ ಆ ಮರಳಿನಲ್ಲಿ ಯಾರು ಮಲಗಿದ್ದರು ಎಂದು ತಿಳಿದು ಅದರ ಮೇಲೆ ನಡೆದರೆ ಸಂತೋಷ ಕಡಿಮೆಯಾಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಯ ಅಂಗಳದಲ್ಲಿ ಅಜ್ಜಿ ಹೇಳಿದ ಕತೆ ಗೊತ್ತಿರುವುದರಿಂದ ಅಂಗಳದ ಬೆಳದಿಂಗಳು ಕಪ್ಪಾಗಿದೆಯೇ?

ಗಡಿಯ ಎರಡು ಊರುಗಳಾದ ಸೆರ್ಬೇರ್ ಮತ್ತು ಪೋರ್ಟ್‌ಬೋಗಳನ್ನು ಯಾವ ಪ್ರವಾಸ ಕಂಪನಿಯೂ ಪಟ್ಟಿಯಲ್ಲಿ ಹಾಕುವುದಿಲ್ಲ. ಸಣ್ಣ ಊರುಗಳು, ದೊಡ್ಡ ರೈಲು ನಿಲ್ದಾಣಗಳು. ಸ್ಪೇನಿನ ರೈಲುಹಳಿಯ ಅಗಲ 1668 ಮಿಲಿಮೀಟರು, ಫ್ರಾನ್ಸಿನದು 1435. ಆದುದರಿಂದ ಸಾಮಾನೆಲ್ಲ ಅಲ್ಲಿ ಇಳಿದು, ಬೇರೆ ಬಂಡಿಗೆ ಹತ್ತಬೇಕಾಗಿತ್ತು. ಸ್ಪೇನಿನಿಂದ ಬರುವ ಕಿತ್ತಳೆಯನ್ನು ಬುಟ್ಟಿಯಲ್ಲಿ ಹೊತ್ತು ಬಂಡಿಯಿಂದ ಬಂಡಿಗೆ ತುಂಬುತ್ತಿದ್ದವರು ಸೆರ್ಬೇರಿನ ಹೆಂಗಸರು. 1906ರಲ್ಲಿ ಅವರು ಕೂಲಿಗಾಗಿ ಮುಷ್ಕರ ಹೂಡಿದರು. ಹಳಿಯ ಅಗಲದಲ್ಲಿ ಒಂದು ಗೇಣಿನಷ್ಟು ವ್ಯತ್ಯಾಸವಿದ್ದುದರಿಂದ ಒಂದು ಊರೇ ಹುಟ್ಟಿತು, ಅದರ ಅನ್ನವೂ ಹುಟ್ಟಿತು. ಗಡಿ ಎಂದರೆ ನಷ್ಟ ಮಾತ್ರವೆಂದು ಸದಾ ಅಳುವ ನಮ್ಮವರು ಈ ಊರನ್ನೂ ನೋಡಬೇಕು.

ಹಾಗೆಂದು ಗಡಿಯನ್ನು ಹೊಗಳಲು ನಾನು ಹೊರಟಿಲ್ಲ. ವಾಲ್ಟರ್ ಬೆಂಜಮಿನ್ ಎಂಬ ಜರ್ಮನ್ ಯಹೂದಿ ಚಿಂತಕರು 1940ರ ಸೆಪ್ಟೆಂಬರಿನಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಬಾನ್ಯುಲ್ಸಿನಿಂದ ಬೆಟ್ಟ ಹತ್ತಿ ಪೋರ್ಟ್‌ಬೋಗೆ ಇಳಿದರು. ಕಾಗದ ಸರಿಯಿಲ್ಲ, ಹಿಂದಕ್ಕೆ ಕಳುಹಿಸುತ್ತೇವೆ ಎಂದರು ಅಧಿಕಾರಿಗಳು. ಸೆಪ್ಟೆಂಬರ್ 26ರ ರಾತ್ರಿ ಅವರು ಅಲ್ಲಿಯೇ ಪ್ರಾಣ ಬಿಟ್ಟರು. ದಾನಿ ಕರವಾನ್ ಎಂಬ ಶಿಲ್ಪಿ 1994ರಲ್ಲಿ ಅವರ ನೆನಪಿಗೆ ಸಮುದ್ರದ ಕಡೆಗೆ ಇಳಿಯುವ ಉಕ್ಕಿನ ಮೆಟ್ಟಿಲ ಸುರಂಗ ಮಾಡಿದ್ದಾರೆ. 1995ರ ಮಾರ್ಚಿನಿಂದ ಆ ಗಡಿಯಲ್ಲಿ ಷೆಂಗೆನ್ ವ್ಯವಸ್ಥೆ ಬಂದು ಸುಂಕದ ಕಟ್ಟೆ ಪಾಳುಬಿದ್ದಿತು. ಗಡಿ ಅಳಿಯಿತು ಎಂದುಕೊಂಡರು ಜನ. ಆದರೆ 2021ರಲ್ಲಿ ಫ್ರೆಂಚ್ ಸರಕಾರ ಬಾನ್ಯುಲ್ಸಿನ ಗುಡ್ಡದ ಸಣ್ಣ ರಸ್ತೆಗೆ ಬಂಡೆಗಲ್ಲು ಹಾಕಿ ಮುಚ್ಚಿತು. ಎರಡೂ ಬದಿಯ ಊರಿನವರು ಸೇರಿ ಪ್ರತಿಭಟಿಸಿದರು. ಬಂಡೆಗಳನ್ನು ತಾವೇ ಉರುಳಿಸಿದ್ದೂ ಉಂಟು. 2024ರಲ್ಲಿ ರಸ್ತೆ ತೆರೆಯಿತು. ಇದನ್ನು ಓದಿದಾಗ ನನಗೆ ನೆನಪಾದದ್ದು 2020ರ ಮಾರ್ಚಿನ ತಲಪಾಡಿ. ಕೊರೊನಾದ ಹೆಸರಿನಲ್ಲಿ ಕರ್ನಾಟಕದ ಕಡೆಯಿಂದ ನಮ್ಮ ರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಹಿಂದಿರುಗಬೇಕಾಯಿತು, ಕೆಲವರು ಸತ್ತರು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಆ ಆಂಬುಲೆನ್ಸುಗಳಲ್ಲಿ ಕನ್ನಡಿಗರೂ ಇದ್ದರು, ಮಲಯಾಳಿಗಳೂ ಇದ್ದರು. ನಾವು "ತಾಯಿನಾಡು" ಎನ್ನುವ ಕಡೆಯಿಂದಲೇ ಮಣ್ಣು ಬಿದ್ದಾಗ ನಮ್ಮ ಪರವಾಗಿ ಬೊಬ್ಬೆ ಹೊಡೆದವರಲ್ಲಿ ಮಲಯಾಳಿಗಳೇ ಹೆಚ್ಚು. ಈ ಮಾತು ನಮ್ಮಲ್ಲಿ ಕೆಲವರಿಗೆ ಕಹಿಯಾಗಬಹುದು. ಆದರೂ ಹೇಳಬೇಕು.

ಇನ್ನು ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ಈ 100 ಕಿಲೋಮೀಟರಿನಲ್ಲಿ ಒಂದೇ ಭಾಷೆಯ ಎರಡು ಗತಿಯನ್ನು ನೋಡಬಹುದು. ಫ್ರಾನ್ಸಿನ ಬದಿಯಲ್ಲಿ ಹದಿನಾಲ್ಕನೆಯ ಲೂಯಿ 1700ರಲ್ಲಿ ಕಚೇರಿಯ ಕಾಗದಗಳಲ್ಲಿ ಕತಲಾನ್ ನಿಷೇಧಿಸಿದ. ಬೆಟ್ಟದ ಹಳ್ಳಿಯೊಂದರ ಶಾಲೆಯ ಗೋಡೆಯಲ್ಲಿ "ಫ್ರೆಂಚ್ ಮಾತಾಡಿ, ಸ್ವಚ್ಛವಾಗಿರಿ" ಎಂದು ಬರೆಸಿದ್ದರು. ತಾಯಿನುಡಿ ಕೊಳೆ ಎಂದು ಮಕ್ಕಳಿಗೆ ಕಲಿಸಿದ ಮೇಲೆ ಬೇರೆ ಶಿಕ್ಷೆ ಯಾಕೆ ಬೇಕು? ಊರ ಜನ ಮಕ್ಕಳೊಡನೆ ಆ ಭಾಷೆ ಮಾತಾಡುವುದನ್ನು ತಾವಾಗಿಯೇ ಬಿಟ್ಟರು. ಈಗ ಊರಿನ ಫಲಕಗಳಲ್ಲಿ ಫ್ರೆಂಚ್ ಹೆಸರಿನ ಜತೆಗೆ ಕತಲಾನ್ ಹೆಸರೂ ಇದೆ. ಫಲಕವುಂಟು, ಓದಿ ಮಾತಾಡುವ ಮಕ್ಕಳು ಕಡಿಮೆ. 1976ರಲ್ಲಿ ಕೆಲವು ಹೆತ್ತವರು ಸೇರಿ ಪೆರ್ಪಿನ್ಯಾಂನಲ್ಲಿ ಲಾ ಬ್ರೆಸ್ಸೋಲಾ ಎಂಬ ಕತಲಾನ್ ಶಾಲೆ ತೆರೆದರು. 2021ರಲ್ಲಿ ಫ್ರಾನ್ಸಿನ ಸಂವಿಧಾನ ಮಂಡಳಿ, ಸಾರ್ವಜನಿಕ ಶಿಕ್ಷಣದಲ್ಲಿ ಪೂರ್ತಿ ಪ್ರಾದೇಶಿಕ ಭಾಷೆಯಲ್ಲಿ ಕಲಿಸುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಎಲ್ನ್ ಮುಂತಾದ ಕೆಲವು ಊರಿನ ನಗರಸಭೆಗಳಲ್ಲಿ ಸದಸ್ಯರು ಮೊದಲು ಕತಲಾನಿನಲ್ಲಿ ಮಾತಾಡಿ ನಂತರ ಫ್ರೆಂಚಿಗೆ ಅನುವಾದಿಸಬಹುದು ಎಂದು ಮಾಡಿದ ನಿಯಮವನ್ನು ಕೂಡ 2023ರಲ್ಲಿ ನ್ಯಾಯಾಲಯ ರದ್ದುಮಾಡಿತು.

ಗುಡ್ಡ ದಾಟಿ ಇಳಿದರೆ ಸ್ಪೇನಿನ ಬದಿ. ಫ್ರಾಂಕೋ ಸತ್ತ ಮೇಲೆ 1979ರಲ್ಲಿ ಸ್ವಾಯತ್ತತೆ, 1983ರಲ್ಲಿ ಭಾಷಾ ಕಾನೂನು ಬಂದವು. ಶಾಲೆಗಳು ಕತಲಾನಿಗೆ ತಿರುಗಿದವು. ಕಾದಕೆಸಿನ ಮೀನುಗಾರರ ಆಡುಮಾತು ಬಾರ್ಸಿಲೋನಾದ ಮಾತಿಗಿಂತ ಬೇರೆ. ಅದಕ್ಕೆ "ಉಪ್ಪುಮಾತು" ಎಂಬ ಅರ್ಥದ ಹೆಸರೇ ಇದೆ. ಚಿತ್ರಕಾರ ಡಾಲಿ ಆ ಊರಿನ ಪಕ್ಕದ ಕೊಲ್ಲಿಯಲ್ಲಿ ಮನೆ ಮಾಡಿಕೊಂಡು ದಶಕಗಟ್ಟಲೆ ಇದ್ದವನು. ಬೆಂಗಳೂರಿನವರ ಎದುರು ನಮ್ಮ ಕಾಸರಗೋಡು ಕನ್ನಡ ಮಾತಾಡಲು ನಾಚುವ ನಾವು ಆ ಉಪ್ಪುಮಾತನ್ನು ಒಮ್ಮೆ ಕೇಳಿ ಬರಬೇಕು.

ಇಲ್ಲಿಯ ತನಕ ಬಂದಾಗ ನಮ್ಮ ಸಭೆಗಳಲ್ಲಿ ಭಾಷಣ ಮಾಡುವವರು ಚಪ್ಪಾಳೆಗೆ ನಿಲ್ಲುತ್ತಾರೆ: "ನೋಡಿ, ನಮಗೂ ಹೀಗೆಯೇ ಅನ್ಯಾಯ!" ತಾಳಿ ಸ್ವಾಮಿ. ನಾನು ಲೆಕ್ಕದವನು, ಎರಡೂ ಕಾಲಂ ನೋಡಬೇಕು. ನಮ್ಮ ಸಂವಿಧಾನದಲ್ಲಿ 350-ಎ ವಿಧಿಯಿದೆ. ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ಕಾಸರಗೋಡಿನಲ್ಲಿ ಕೇರಳ ಸರಕಾರದ ಹಣದಿಂದ ನಡೆಯುವ ಕನ್ನಡ ಮಾಧ್ಯಮದ ಶಾಲೆಗಳಿವೆ. ಕನ್ನಡ ಬಾರದ ಅಧ್ಯಾಪಕರನ್ನು ಕಳುಹಿಸಿದಾಗ ಹೋರಾಡಿದ್ದೇವೆ, ಅದು ಸರಿ, ಇನ್ನೂ ಹೋರಾಡಬೇಕು. ಆದರೆ ರುಸಿಯೋಂ ಸೀಮೆಯ ಕತಲಾನರಿಗೆ ನಮ್ಮಷ್ಟು ಸರಕಾರಿ ಶಾಲೆ ಎಂದೂ ಸಿಕ್ಕಿರಲಿಲ್ಲ. ಅವರ ಭಾಷೆ ಶಾಲೆಯಿಲ್ಲದೆ ಸೊರಗಿತು. ನಮಗೆ ಶಾಲೆಯುಂಟು, ಅದರ ಬೆಂಚುಗಳನ್ನು ಖಾಲಿ ಮಾಡುತ್ತಿರುವವರು ಯಾರು? ತಿರುವನಂತಪುರದ ಸೆಕ್ರೆಟೇರಿಯಟ್ಟೇ?

ನಾನೇ ಹೇಳುತ್ತೇನೆ. ನನ್ನ ಮಗನನ್ನು ನಾನು ಕನ್ನಡ ಶಾಲೆಗೆ ಸೇರಿಸಲಿಲ್ಲ. ಮನೆಯಿಂದ ಎಂಟು ನಿಮಿಷದ ದಾರಿಯಲ್ಲಿ ನಾನು ಕಲಿತ ಶಾಲೆಯಿದೆ. ಅದನ್ನು ದಾಟಿ ಹಳದಿ ಬಸ್ಸು ಹತ್ತಿ ಅವನು ಇಂಗ್ಲಿಷ್ ಮಾಧ್ಯಮಕ್ಕೆ ಹೋದ. ಮನೆಯಲ್ಲಿ ತುಳು, ಗೆಳೆಯರೊಡನೆ ಮಲಯಾಳ, ಪುಸ್ತಕದಲ್ಲಿ ಇಂಗ್ಲಿಷ್. ಅವನಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ. ಈ ಲೇಖನವನ್ನು ಓದಲು ಬೆರಳಿಟ್ಟು ಅಕ್ಷರ ಕೂಡಿಸುತ್ತಾನೆ. ಇದಕ್ಕಾಗಿ ಯಾವ ಸರಕಾರವೂ ನನ್ನ ಮನೆಯ ಗೋಡೆಯ ಮೇಲೆ ಏನನ್ನೂ ಬರೆಸಲಿಲ್ಲ. ಬರೆದವನು ನಾನೇ. ಪ್ರತಿ ನವೆಂಬರಿನಲ್ಲಿ ಬಾವುಟ ಹಿಡಿದು ನಿಲ್ಲುವ ನಮ್ಮಲ್ಲಿ ಎಷ್ಟು ಮನೆಗಳ ಲೆಕ್ಕ ಹೀಗಿದೆ ಎಂದು ಓದುಗರೇ ತಮ್ಮೊಳಗೆ ನೋಡಿಕೊಳ್ಳಲಿ. ಅಲ್ಲಿನವರು ಭಾಷೆ ಕಳೆದುಕೊಂಡ ಮೇಲೆ ಸ್ವಂತ ಖರ್ಚಿನಿಂದ ಶಾಲೆ ಕಟ್ಟಿದರು. ಕಳೆದುಕೊಳ್ಳುವ ಮೊದಲೇ ನಾವು ಅದನ್ನು ನೋಡಿ ಬಂದರೆ ಟಿಕೇಟಿನ ಹಣ ವಸೂಲಾಯಿತು ಎನ್ನುತ್ತೇನೆ.

ನಮ್ಮ ಶಾಖೆಗೆ ಪಿಂಚಣಿಗೆ ಬರುವ ಮಲಯಾಳದ ನಿವೃತ್ತ ಮಾಷ್ ಒಬ್ಬರೊಡನೆ ಇದನ್ನೆಲ್ಲ ಚರ್ಚಿಸಿದೆ. ಅವರು ನಕ್ಕು, "ಕತಲೂನ್ಯಾದಲ್ಲಿ ಮನೆಮಾತು ಸ್ಪಾನಿಷ್ ಆಗಿರುವವರೂ ಬಹಳ ಇದ್ದಾರಲ್ಲ ಸಾರ್, 2017ರ ಗಲಾಟೆಯಲ್ಲಿ ಅವರ ಪಾಡೇನು?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಆ ವರ್ಷ ಸ್ವಾತಂತ್ರ್ಯದ ಜನಮತಗಣನೆ ನಡೆದು, ಪೊಲೀಸರ ಲಾಠಿ ಬೀಸಿ, ಮುಖಂಡರು ಸೆರೆಗೆ ಹೋಗಿ, ಒಂದೇ ಮನೆಯೊಳಗೆ ಮಾತು ನಿಂತದ್ದುಂಟು. ಅಲ್ಲಿಂದ ಘೋಷಣೆಗಳನ್ನು ಹೊತ್ತು ತರಬಾರದು ಎಂಬುದು ನನ್ನ ಅಭಿಪ್ರಾಯವೂ ಹೌದು. ತರಬೇಕಾದದ್ದು ಬೇರೆ. ಪ್ರತಿ ವರ್ಷ ಜೂನ್ 23ರ ರಾತ್ರಿ ಕನಿಗೋ ಬೆಟ್ಟದ ಬೆಂಕಿಯನ್ನು ಊರಿಂದ ಊರಿಗೆ, ಗಡಿಯ ಎರಡೂ ಬದಿಗೆ ಒಯ್ಯುತ್ತಾರೆ. 1955ರಲ್ಲಿ ಶುರುವಾದ ಪದ್ಧತಿ. 1966ರಲ್ಲಿ, ಫ್ರಾಂಕೋ ಬದುಕಿದ್ದಾಗಲೇ, ಗಡಿ ದಾಟಿತು. ಎರಡು ಭಾಷೆಯಲ್ಲಿ ಒಂದೇ ಹೊದಿಕೆಯೊಳಗೆ ಅಚ್ಚಾಗುವ ಈ ವಾರ್ಷಿಕ ಸಂಚಿಕೆಯೂ ನಮ್ಮ ಪಾಲಿನ ಅಂಥದೊಂದು ಕೆಲಸ ಎಂದು ನಾನು ತಿಳಿದಿದ್ದೇನೆ.

ಹೋಗುವ ಮನಸ್ಸಿರುವವರಿಗೆ ನಾಲ್ಕು ಮಾತು. ಬಾರ್ಸಿಲೋನಾಕ್ಕೆ ವಿಮಾನ, ಅಲ್ಲಿಂದ ವೇಗದ ರೈಲಿನಲ್ಲಿ ಡಾಲಿ ಹುಟ್ಟಿದ ಫಿಗೇರಸಿಗೆ ಒಂದು ಗಂಟೆಯೂ ಬೇಡ. ಕಾರನ್ನು ಅಲ್ಲಿ ಹಿಡಿದು ಅಲ್ಲಿಯೇ ಬಿಡಿ. ಒಂದು ದೇಶದಲ್ಲಿ ಹಿಡಿದು ಇನ್ನೊಂದರಲ್ಲಿ ಬಿಟ್ಟರೆ ದಂಡದ ಹಾಗೆ ದುಡ್ಡು ಕೀಳುತ್ತಾರೆ. ಹೆದ್ದಾರಿಯಲ್ಲಿ ಪೆರ್ಪಿನ್ಯಾಂಗೆ ಹೋಗಿ, ಕರಾವಳಿಯಲ್ಲಿ ಇಳಿದು ಬಂದರೆ ಒಟ್ಟು 200 ಕಿಲೋಮೀಟರಿನ ಸುತ್ತು. ಆರ್.ಟಿ.ಓ. ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ಕರಾವಳಿಯ ತಿರುವುಗಳು ನಮ್ಮ ಚಾರ್ಮಾಡಿಯನ್ನು ನೆನಪಿಸುವಂಥವು. ಆದುದರಿಂದ ದಿನಕ್ಕೆ 50 ಕಿಲೋಮೀಟರಿನ ಮೇಲೆ ಹಠ ಬೇಡ. ವೀಸಾ ಒಂದೇ ಸಾಕು, ಹೆಚ್ಚು ರಾತ್ರಿ ತಂಗುವ ದೇಶದಲ್ಲಿ ಅರ್ಜಿ ಹಾಕಬೇಕು. ಜುಲೈ, ಆಗಸ್ಟಿನಲ್ಲಿ ಜನಜಾತ್ರೆ. ಜೂನ್ ಅಥವಾ ಸೆಪ್ಟೆಂಬರ್ ವಾಸಿ. ಬೆಟ್ಟದಿಂದ ಬೀಸುವ ಉತ್ತರದ ಗಾಳಿ ಜೋರಾದ ದಿನ ಕಾರಿನ ಬಾಗಿಲು ಜೋಪಾನ.

ಈ ಪಟ್ಟಿಯನ್ನು ಭಾವನಿಗೆ ಕಳುಹಿಸಿದ್ದೇನೆ. "ಮೊನಾಕೊ ಇಲ್ಲವಾ ಭಾವ?" ಎಂದು ಉತ್ತರ ಬಂದಿದೆ. ಅವರು ಬೇಕಾದರೆ ಮೊನಾಕೊ ನೋಡಿಕೊಂಡು ಕೊಲಿಯೂರಿನಲ್ಲಿ ನಮ್ಮನ್ನು ಕೂಡಿಕೊಳ್ಳಲಿ. ಮಗನಿಗೆ ಒಂದು ಶರತ್ತು ಹಾಕಿದ್ದೇನೆ: ಮಚಾದೋ ಅವರ ಅಂಚೆಪೆಟ್ಟಿಗೆಗೆ ಹಾಕುವ ಪತ್ರವನ್ನು ಅವನೇ ಕನ್ನಡದಲ್ಲಿ ಬರೆಯಬೇಕು. ದಿನಾ ಸಂಜೆ ಅಜ್ಜಿಯ ಹತ್ತಿರ ಕುಳಿತು ಒತ್ತಕ್ಷರ ಕಲಿಯುತ್ತಿದ್ದಾನೆ. ನಿನ್ನೆ "ಸಮುದ್ರ" ಎಂಬುದನ್ನು ತಪ್ಪಿಲ್ಲದೆ ಬರೆದು ತೋರಿಸಿದ.